ವಾರ್ಡಿನಲ್ಲಿರುವ ರೋಗಿಗೆ ಒಳಗೊಳಗೇ ರಕ್ತಸ್ರಾವ: ಗುರುತಿಸುವ ಮತ್ತು ನಿಭಾಯಿಸುವ ಕ್ರಮ

ರಕ್ತವಾಂತಿ ಮಾಡಿಕೊಂಡೇ ತುರ್ತು ವಿಭಾಗಕ್ಕೆ ಬಂದವರಲ್ಲಿ ರಕ್ತಸ್ರಾವವನ್ನು ಗುರುತಿಸುವುದು ಕಷ್ಟವಲ್ಲ. ಕಷ್ಟವಾಗುವುದು ಬೇರೆ ಯಾವುದೋ ಕಾಯಿಲೆಗೆಂದು ದಾಖಲಾಗಿ, ಮೂರನೆಯದೋ ನಾಲ್ಕನೆಯದೋ ದಿನ ಹಾಸಿಗೆಯಲ್ಲಿದ್ದಂತೆಯೇ ರಕ್ತ ಕಳೆದುಕೊಳ್ಳತೊಡಗುವ ರೋಗಿಯಲ್ಲಿ. ಸೊಂಟದ ಮೂಳೆ ಮುರಿದು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಮತ್ತು ನೋವಿಗೆ ಡೈಕ್ಲೋಫೆನಾಕ್ ಎರಡನ್ನೂ ಪಡೆಯುತ್ತಿರುವ ವೃದ್ಧರು, ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ನುಂಗುತ್ತಿರುವವರು, ಕುಡಿತದಿಂದ ಲಿವರ್ ಗಟ್ಟಿಯಾದವರು, ಎರಡು ದಿನಕ್ಕಿಂತ ಹೆಚ್ಚು ಕಾಲ ವೆಂಟಿಲೇಟರಿನಲ್ಲಿರುವವರು, ಕಿಡ್ನಿ ಕೈಕೊಟ್ಟವರು ಈ ಗುಂಪಿಗೆ ಸೇರುತ್ತಾರೆ. ಅಂಥವರ ಹೊಣೆ ಹೊತ್ತ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಡ್ಯೂಟಿ ವೈದ್ಯರಿಗೂ ನರ್ಸಿಂಗ್ ಅಧಿಕಾರಿಗಳಿಗೂ ಉಪಯೋಗವಾಗಲೆಂದು ಈ ಬರಹ. ಇಲ್ಲಿನ ಔಷಧದ ಪ್ರಮಾಣಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ನಿಮ್ಮ ಆಸ್ಪತ್ರೆಯ ಲಿಖಿತ ಕ್ರಮವಿದ್ದರೆ ಅದಕ್ಕೇ ಮೊದಲ ಮನ್ನಣೆ ಇರಲಿ.

ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತೆಂದರೆ, ಹಿಮೋಗ್ಲೋಬಿನ್ ವರದಿಯನ್ನು ಕಾಯುತ್ತ ಕೂರಬಾರದು. ರಕ್ತ ಹೊರಹೋಗುವಾಗ ಕೆಂಪುಕಣ ಮತ್ತು ಪ್ಲಾಸ್ಮಾ (ರಕ್ತದ ದ್ರವಭಾಗ) ಒಂದೇ ಪ್ರಮಾಣದಲ್ಲಿ ಹೋಗುವುದರಿಂದ, ಒಳಗೆ ಉಳಿದ ರಕ್ತದ ಸಾಂದ್ರತೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಅಂಗಾಂಶಗಳ ನೀರು ರಕ್ತನಾಳಗಳಿಗೆ ಸರಿದು ಅಥವಾ ನಾವು ಕೊಟ್ಟ ಡ್ರಿಪ್ ಬೆರೆತು ರಕ್ತ ತೆಳುವಾದ ಮೇಲೆಯೇ ಆ ಸಂಖ್ಯೆ ಇಳಿಯುತ್ತದೆ, ಅದು ಪೂರ್ತಿ ಇಳಿಯಲು ಒಂದರಿಂದ ಮೂರು ದಿನ ಹಿಡಿಯಬಹುದು. ರಕ್ತದೊತ್ತಡವೂ ಅಷ್ಟೇ ತಡವಾಗಿ ಎಚ್ಚರಿಸುತ್ತದೆ: ಆರೋಗ್ಯವಂತ ದೇಹವು ಸುಮಾರು ಶೇಕಡ 30ರಷ್ಟು ರಕ್ತ ಹೋಗುವವರೆಗೂ ಮಲಗಿದ ಸ್ಥಿತಿಯಲ್ಲಿ ಒತ್ತಡವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಕಣ್ಣಿಡಬೇಕಾದದ್ದು ನಾಡಿಯ ಮೇಲೆ, ಅದರಲ್ಲೂ ಅದು ಸಾಗುತ್ತಿರುವ ದಿಕ್ಕಿನ ಮೇಲೆ. ಚಾರ್ಟಿನಲ್ಲಿ ಸಂಜೆ 6ಕ್ಕೆ ನಾಡಿ 84, ಒತ್ತಡ 130. ರಾತ್ರಿ 10ಕ್ಕೆ 98 ಮತ್ತು 124. ಬೆಳಗಿನ ಜಾವ 2ಕ್ಕೆ 114 ಮತ್ತು 108 ಎಂದು ಬರೆದಿದ್ದರೆ, ಬಿಡಿಬಿಡಿಯಾಗಿ ನೋಡಿದಾಗ ಯಾವುದೂ ಗಾಬರಿ ಹುಟ್ಟಿಸುವ ಅಂಕಿಯಲ್ಲ. ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ನಾಡಿಯು ಮೇಲಿನ ಒತ್ತಡವನ್ನು ದಾಟಿಹೋಗಿರುವುದು ಕಾಣುತ್ತದೆ. ನಾಡಿಯನ್ನು ಮೇಲಿನ ಒತ್ತಡದಿಂದ ಭಾಗಿಸಿದಾಗ 1ಕ್ಕಿಂತ ಹೆಚ್ಚು ಬಂದರೆ, ಬೇರೆ ಕಾರಣ ಸಿಕ್ಕುವವರೆಗೆ ಅದನ್ನು ರಕ್ತಸ್ರಾವವೆಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ನಾಡಿ ನಿಧಾನಗೊಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರದೇ ಇರಬಹುದು. ಅವರಲ್ಲಿ ತಣ್ಣಗಾದ ಕೈಕಾಲು, ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆಯಾದ ಮೂತ್ರ, ಕಾರಣವಿಲ್ಲದ ಚಡಪಡಿಕೆ ಇವುಗಳನ್ನೇ ನಂಬಬೇಕು. ರಾತ್ರಿ ಹೊತ್ತು ಗಲಾಟೆ ಮಾಡುವ ವೃದ್ಧರಿಗೆ ನಿದ್ರೆಯ ಇಂಜೆಕ್ಷನ್ ಬರೆಯುವ ಮುನ್ನ ಒಮ್ಮೆ ನಾಡಿ ಹಿಡಿದು ನೋಡಿ.

ಎರಡನೆಯದು, ಮಲವನ್ನು ಕಣ್ಣಾರೆ ನೋಡುವುದು. ‘ಮೋಷನ್ ಆಯಿತಾ?’ ಎಂದು ಕೇಳಿ ‘ಆಯ್ತು ಸಾರ್’ ಎಂಬ ಉತ್ತರ ಬರೆದುಕೊಂಡರೆ ಏನೂ ತಿಳಿದಂತಾಗಲಿಲ್ಲ. ಮೇಲಿನ ಜೀರ್ಣಾಂಗದಲ್ಲಿ 50ರಿಂದ 100 ಮಿಲಿಲೀಟರ್ ರಕ್ತ ಹೋದರೂ ಮಲ ಕಪ್ಪಾಗಬಹುದು. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪೇ, ಆದರೆ ಅದು ಗಟ್ಟಿಯಾಗಿ ಕಡುಹಸಿರು ಮಿಶ್ರಿತವಾಗಿರುತ್ತದೆ. ರಕ್ತದಿಂದ ಕಪ್ಪಾದದ್ದು ಡಾಂಬರಿನಂತೆ ಹೊಳೆಯುತ್ತ, ಬೆಡ್‌ಪ್ಯಾನಿಗೆ ಅಂಟಿಕೊಂಡು, ನೀರು ಸುರಿದಾಗ ಅಂಚಿನಲ್ಲಿ ಕೆಂಪು ಛಾಯೆ ಬಿಡುತ್ತದೆ, ಅದರ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಅನುಮಾನವಿದ್ದರೆ ಗ್ಲೌಸ್ ಹಾಕಿಕೊಂಡು ಗುದದ್ವಾರದ ಪರೀಕ್ಷೆ ಮಾಡಲೇಬೇಕು. ಒಂದು ನಿಮಿಷದ ಈ ಕೆಲಸವನ್ನು ಮುಜುಗರದಿಂದ ಬೆಳಗಿನ ರೌಂಡ್ಸಿಗೆ ಮುಂದೂಡುವುದು ನಮ್ಮ ವಾರ್ಡುಗಳ ಹಳೆಯ ಚಾಳಿ. ಹಾಗೆಯೇ ರೋಗಿ ಕೆಂಪಗೆ ಉಗುಳಿದರೆ ಎಲೆಅಡಿಕೆಯೋ ರಕ್ತವೋ ಎಂದು ಬಾಯಿ ತೆರೆಸಿ ನೋಡಿ, ಮೂಗಿನಿಂದ ಹಿಂದಕ್ಕೆ ಇಳಿದು ನುಂಗಿದ ರಕ್ತವೇ ಎಂದೂ ಪರೀಕ್ಷಿಸಿ.

ಕಪ್ಪು ಮಲ, ಕಾಫಿಪುಡಿಯಂಥ ವಾಂತಿ, ಕ್ರಿಯೇಟಿನಿನ್ ಏರದೆ ಯೂರಿಯಾ ಮಾತ್ರ ಏರಿರುವುದು ಇವು ಮೇಲಿನ ಜೀರ್ಣಾಂಗವನ್ನು ಬೆರಳಿಟ್ಟು ತೋರಿಸುತ್ತವೆ. ಕೆಂಪು ರಕ್ತ ಕೆಳಗಿನಿಂದ ಹೋದರೆ ಸಾಮಾನ್ಯವಾಗಿ ದೊಡ್ಡ ಕರುಳು ಅಥವಾ ಮೂಲವ್ಯಾಧಿ ಕಾರಣ. ಆದರೆ ಕೆಂಪು ರಕ್ತದ ಜೊತೆಗೆ ರೋಗಿಯ ನಾಡಿಯೂ ಒತ್ತಡವೂ ಕೆಟ್ಟಿದ್ದರೆ, ಹೊಟ್ಟೆಯ ಹುಣ್ಣಿನಿಂದ ರಭಸವಾಗಿ ಹರಿದ ರಕ್ತ ಕಪ್ಪಾಗಲು ಸಮಯ ಸಿಗದೆ ಕೆಳಗೆ ಬಂದಿರಬಹುದು ಎಂಬುದನ್ನು ಮರೆಯಬಾರದು. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ರಕ್ತ ಬಾರದಿದ್ದ ಮಾತ್ರಕ್ಕೆ ಮೇಲಿನ ರಕ್ತಸ್ರಾವ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಹುಣ್ಣು ಡ್ಯುವೋಡಿನಮ್‌ನಲ್ಲಿ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಇದ್ದರೆ ಟ್ಯೂಬು ಬರಿದಾಗಿಯೇ ಬರಬಹುದು.

ಹೊರಗೆ ಹನಿ ರಕ್ತವೂ ಕಾಣದೆ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ರಕ್ತ ದೇಹದೊಳಗೇ ಎಲ್ಲೋ ತುಂಬುತ್ತಿರಬಹುದು. ಹುಡುಕಬೇಕಾದ ಜಾಗಗಳು ಕೆಲವೇ. ತೊಡೆಸಂದಿಯ ಮೂಲಕ ಆಂಜಿಯೋಗ್ರಾಂ ಆದವರಲ್ಲಿ ಮತ್ತು ರಕ್ತ ತೆಳುವಾಗಿಸುವ ಔಷಧ ಪಡೆಯುವವರಲ್ಲಿ ಬೆನ್ನಿಗಂಟಿದ ಹಿಂಹೊಟ್ಟೆಯ ಭಾಗದಲ್ಲಿ ಲೀಟರ್‌ಗಟ್ಟಲೆ ರಕ್ತ ಶೇಖರವಾಗಬಲ್ಲದು: ಪಕ್ಕೆ ಅಥವಾ ತೊಡೆಸಂದಿ ನೋವು, ಕಾಲು ಚಾಚಲಾಗದೆ ಮಡಚಿಕೊಂಡೇ ಮಲಗುವುದು, ಮಂಡಿ ನೇರ ಮಾಡಲು ಬಲ ಸಾಲದಿರುವುದು ಇದರ ಸುಳಿವುಗಳು. ಪಕ್ಕೆಯ ಚರ್ಮ ನೀಲಿಗಟ್ಟುವುದು ತಡವಾಗಿ ಕಾಣುವ ಗುರುತು, ಅದಕ್ಕಾಗಿ ಕಾಯಬೇಡಿ. ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ಹೊಟ್ಟೆಯೊಳಗಿನ ಮತ್ತು ಎದೆಗೂಡಿನ ರಕ್ತವನ್ನು ಚೆನ್ನಾಗಿಯೇ ತೋರಿಸುತ್ತದೆಯಾದರೂ ಈ ಹಿಂಭಾಗವನ್ನು ನಂಬುವಷ್ಟು ತೋರಿಸುವುದಿಲ್ಲ. ಅದಕ್ಕೆ ಸಿಟಿ ಸ್ಕ್ಯಾನೇ ಬೇಕು. ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚಿಸಿಕೊಳ್ಳುವವರು ಜೋರಾಗಿ ಕೆಮ್ಮಿದ ಮೇಲೆ ಹೊಟ್ಟೆಯ ಒಂದು ಪಕ್ಕದಲ್ಲಿ ನೋವಿನ ಗಡ್ಡೆ ಎದ್ದರೆ, ಅದು ಸ್ನಾಯುವಿನ ಪೊರೆಯೊಳಗಿನ ರಕ್ತ ಇರಬಹುದು. ತಲೆ ಎತ್ತಿ ಹೊಟ್ಟೆ ಬಿಗಿ ಮಾಡಿದಾಗಲೂ ಒತ್ತಿದರೆ ನೋವು ಕಡಿಮೆಯಾಗದಿರುವುದು ಅದರ ಲಕ್ಷಣ.

ಅನುಮಾನ ಮೂಡಿದ ಕೂಡಲೇ ಸಹಾಯಕ್ಕೆ ಇನ್ನೊಬ್ಬರನ್ನು ಕರೆಯಿರಿ, ಏಕೆಂದರೆ ಕೆಲಸಗಳೆಲ್ಲ ಏಕಕಾಲಕ್ಕೆ ಆಗಬೇಕು. ಎರಡೂ ಕೈಗೆ ದಪ್ಪ ಕ್ಯಾನುಲಾ, ಅಂದರೆ ಬೂದು ಬಣ್ಣದ 16 ಅಥವಾ ಹಸಿರು ಬಣ್ಣದ 18 ಗೇಜಿನದು, ಹಾಕಿ. ಅದೇ ಚುಚ್ಚಿನಲ್ಲಿ ರಕ್ತದ ಗುಂಪು, ಕ್ರಾಸ್‌ಮ್ಯಾಚ್ (ಕೊಡುವ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ), ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ), ಯೂರಿಯಾ, ಕ್ರಿಯೇಟಿನಿನ್ ಪರೀಕ್ಷೆಗಳಿಗೆ ಮಾದರಿ ತೆಗೆಯಿರಿ. ಬಾಯಿಂದ ಏನನ್ನೂ ಕೊಡಬೇಡಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ ಸಕ್ಷನ್ ಸಿದ್ಧವಿಡಿ. ಪ್ರಜ್ಞೆ ಮಂಕಾಗಿ ರಕ್ತವಾಂತಿ ಮುಂದುವರಿದರೆ ಎಂಡೋಸ್ಕೋಪಿಗೆ ಮೊದಲೇ ಶ್ವಾಸನಾಳಕ್ಕೆ ಟ್ಯೂಬು ಹಾಕಬೇಕು. ಒತ್ತಡ ಕುಸಿದಿದ್ದರೆ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟನ್ನು 250ರಿಂದ 500 ಮಿಲಿಲೀಟರ್‌ನಂತೆ ಕೊಟ್ಟು ಪ್ರತಿ ಸಲವೂ ಮರುಪರೀಕ್ಷಿಸಿ. ಬಾಟಲಿಯ ಮೇಲೆ ಬಾಟಲಿ ಏರಿಸಿ ರಕ್ತವನ್ನು ನೀರು ಮಾಡುವುದು ಚಿಕಿತ್ಸೆಯಲ್ಲ.

ರಕ್ತ ಕೊಡುವುದರಲ್ಲಿ ಕೈಬಿಗಿ ಇರಬೇಕೆಂಬುದು ಬಾರ್ಸಿಲೋನಾದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಗಟ್ಟಿಯಾಯಿತು. ಮೇಲಿನ ಜೀರ್ಣಾಂಗದ ರಕ್ತಸ್ರಾವವಿದ್ದ 921 ರೋಗಿಗಳಲ್ಲಿ, ಹಿಮೋಗ್ಲೋಬಿನ್ 7 ಗ್ರಾಂಗಿಂತ ಇಳಿದ ಮೇಲಷ್ಟೇ ರಕ್ತ ಪಡೆದವರ ಪೈಕಿ ಆರು ವಾರಗಳ ಬಳಿಕ ಶೇಕಡ 95 ಮಂದಿ ಬದುಕಿದ್ದರು, 9ಕ್ಕಿಂತ ಇಳಿದ ಕೂಡಲೇ ಪಡೆದವರಲ್ಲಿ ಶೇಕಡ 91. ಲಿವರ್ ರೋಗಿಗಳಲ್ಲಿ ಅತಿಯಾದ ರಕ್ತವು ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳದ ಒತ್ತಡವನ್ನು ಏರಿಸಿ ಸ್ರಾವವನ್ನೇ ಹೆಚ್ಚಿಸಬಲ್ಲದು. ಹೃದಯದ ಕಾಯಿಲೆ ಇದ್ದವರಿಗೆ ಗೆರೆಯನ್ನು 8ಕ್ಕೆ ಏರಿಸಿಕೊಳ್ಳುವುದು ರೂಢಿ. ಆದರೆ ಧಾರಾಕಾರವಾಗಿ ರಕ್ತ ಹೋಗುತ್ತಿದ್ದವರನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು. ಅಂಥ ರೋಗಿಗೆ ಸಂಖ್ಯೆ ನೋಡದೆ ಪ್ಯಾಕ್ಡ್ ಸೆಲ್ (ಕೆಂಪುಕಣ), ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಸೇರಿಸಿ ಕೊಡಬೇಕಾಗುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೊಟ್ಟು ಮೈ ಬೆಚ್ಚಗಿಡಬೇಕಾಗುತ್ತದೆ.

ಔಷಧದ ವಿಷಯದಲ್ಲಿ ನಮ್ಮ ಕಡೆಯ ಕೇಸ್‌ಶೀಟುಗಳು ಬೇಡದ್ದನ್ನೇ ಹೆಚ್ಚು ಹೊತ್ತಿರುತ್ತವೆ. ಎಲ್ಲಿಂದ ರಕ್ತ ಹೋದರೂ ರಕ್ತ ನಿಲ್ಲಿಸಲೆಂದು ಟ್ರಾನೆಕ್ಸಾಮಿಕ್ ಆಸಿಡ್, ಎಥಾಮ್ಸಿಲೇಟ್ ಮತ್ತು ವಿಟಮಿನ್ ಕೆ ಒಟ್ಟಿಗೆ ಬರೆಯುವ ಅಭ್ಯಾಸವಿದೆ. 2020ರಲ್ಲಿ ಪ್ರಕಟವಾದ ಹಾಲ್ಟ್-ಐಟಿ ಅಧ್ಯಯನ ಹನ್ನೆರಡು ಸಾವಿರ ಜೀರ್ಣಾಂಗ ರಕ್ತಸ್ರಾವದ ರೋಗಿಗಳಲ್ಲಿ ಟ್ರಾನೆಕ್ಸಾಮಿಕ್ ಆಸಿಡನ್ನು ಪರೀಕ್ಷಿಸಿ, ಸಾವು ಕಡಿಮೆಯಾಗದೆ ಕಾಲು ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು, ಅಪಸ್ಮಾರ ಇವು ಹೆಚ್ಚಾದುದನ್ನು ತೋರಿಸಿತು. ಅಪಘಾತದ ರಕ್ತಸ್ರಾವಕ್ಕೆ ಅದು ಒಳ್ಳೆಯ ಔಷಧವೇ. ಹೊಟ್ಟೆಯ ಹುಣ್ಣಿಗೆ ವಾಡಿಕೆಯಂತೆ ಬರೆಯಬೇಕಿಲ್ಲ. ಐಸ್ ನೀರಿನಿಂದ ಹೊಟ್ಟೆ ತೊಳೆಯುವುದನ್ನೂ ಬಿಡಬಹುದು. ಬೇಕಾದದ್ದು ಇಷ್ಟು: ಹುಣ್ಣಿನ ಅನುಮಾನವಿದ್ದರೆ ಪ್ಯಾಂಟೊಪ್ರಜೋಲ್ 80 ಮಿಲಿಗ್ರಾಂ ರಕ್ತನಾಳಕ್ಕೆ, ಬಳಿಕ ಗಂಟೆಗೆ 8 ಮಿಲಿಗ್ರಾಂ ಅಥವಾ ದಿನಕ್ಕೆರಡು ಸಲ 40 ಮಿಲಿಗ್ರಾಂ. ಹೊಟ್ಟೆಯಲ್ಲಿ ನೀರು ತುಂಬಿದೆ, ಕಣ್ಣು ಹಳದಿಯಾಗಿದೆ, ಕುಡಿತದ ಹಿನ್ನೆಲೆಯಿದೆ ಎಂದಾದರೆ ಲಿವರ್ ಕಾಯಿಲೆಯಿಂದ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆದಿರಬಹುದು, ಆಗ ಎಂಡೋಸ್ಕೋಪಿಗೆ ಕಾಯದೆ ಆಕ್ಟ್ರಿಯೊಟೈಡ್ 50 ಮೈಕ್ರೋಗ್ರಾಂ ಕೊಟ್ಟು ಗಂಟೆಗೆ 50ರಂತೆ ಮುಂದುವರಿಸಿ, ಅಥವಾ ಟೆರ್ಲಿಪ್ರೆಸಿನ್ 2 ಮಿಲಿಗ್ರಾಂ ನಾಲ್ಕು ಗಂಟೆಗೊಮ್ಮೆ ಕೊಡಿ. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಟೆರ್ಲಿಪ್ರೆಸಿನ್ ಬೇಡ. ಲಿವರ್ ಕೆಟ್ಟ ಈ ರೋಗಿಗಳಿಗೆ ದಿನಕ್ಕೆ 1 ಗ್ರಾಂ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಸೇರಿಸುವುದನ್ನು ಮರೆಯುವವರೇ ಹೆಚ್ಚು, ಅದರಿಂದ ಜೀವ ಉಳಿಯುತ್ತದೆಂಬುದು ಸಾಬೀತಾದ ವಿಷಯ. ಲಿವರ್ ರೋಗಿಯ ಐಎನ್‌ಆರ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಪ್ಲಾಸ್ಮಾ ಸುರಿಯಬೇಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಜೀವಕ್ಕೆ ಅಪಾಯವಾಗುವಷ್ಟು ಸ್ರಾವವಾದರೆ ವಿಟಮಿನ್ ಕೆ 10 ಮಿಲಿಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಜೊತೆಗೆ ಪ್ರೋಥ್ರೊಂಬಿನ್ ಕಾಂಪ್ಲೆಕ್ಸ್ (ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಮಿಶ್ರಣ). ಅದು ಸಿಗದ ಕಡೆ ಪ್ಲಾಸ್ಮಾ. ಹೆಪಾರಿನ್‌ನ ಪರಿಣಾಮ ತಗ್ಗಿಸಲು ಪ್ರೋಟಮಿನ್ ಇದೆ. ಸ್ಟೆಂಟ್ ಇದ್ದವರ ಎರಡೂ ಮಾತ್ರೆಗಳನ್ನು ನೀವೊಬ್ಬರೇ ನಿರ್ಧರಿಸಿ ನಿಲ್ಲಿಸಬೇಡಿ, ಹೃದ್ರೋಗ ತಜ್ಞರಿಗೆ ಆ ರಾತ್ರಿಯೇ ಫೋನ್ ಮಾಡಿ.

ಡೆಂಗಿ ವಾರ್ಡಿನ ಲೆಕ್ಕ ಬೇರೆ. ಅಲ್ಲಿ ಪ್ಲಾಸ್ಮಾ ಸೋರುವಾಗ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಏರಬೇಕು. ನಾಡಿ ಕ್ಷೀಣಿಸುತ್ತಿರುವಾಗ ಹೆಮಟೋಕ್ರಿಟ್ ಇಳಿದರೆ ಅದು ಸುಧಾರಣೆಯಲ್ಲ, ಒಳಗೆ ರಕ್ತ ಹೋಗುತ್ತಿರುವ ಸೂಚನೆ, ಆಗ ಬೇಕಾದದ್ದು ಇನ್ನಷ್ಟು ಡ್ರಿಪ್ ಅಲ್ಲ, ರಕ್ತ. ಮನೆಯವರು ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದು ಒತ್ತಾಯಿಸುತ್ತಾರೆ. ಸ್ರಾವವಿಲ್ಲದವರಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಕೊಡುವುದರಿಂದ ಲಾಭವಿಲ್ಲವೆಂಬುದನ್ನು ತಾಳ್ಮೆಯಿಂದ ಹೇಳಬೇಕು.

ಎಂಡೋಸ್ಕೋಪಿ 24 ಗಂಟೆಯೊಳಗೆ ಆಗಬೇಕು, ಉಬ್ಬಿದ ರಕ್ತನಾಳಗಳ ಅನುಮಾನವಿದ್ದರೆ 12 ಗಂಟೆಯೊಳಗೆ. ಇನ್ನೂ ಅವಸರ ಮಾಡಿದರೆ ಒಳ್ಳೆಯದೆಂದು ತೋರಬಹುದು. ಆದರೆ ಹಾಂಗ್‌ಕಾಂಗಿನ 2020ರ ಅಧ್ಯಯನದಲ್ಲಿ ಆರು ಗಂಟೆಯೊಳಗೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಆದ್ದರಿಂದ ರಕ್ತದೊತ್ತಡ ಕುಸಿದ ರೋಗಿಯನ್ನು ಹಾಗೆಯೇ 108ರಲ್ಲಿ ಕೂರಿಸಿ ಜಿಲ್ಲಾ ಕೇಂದ್ರಕ್ಕೆ ಅಟ್ಟುವುದಕ್ಕಿಂತ, ಕ್ಯಾನುಲಾ ಹಾಕಿ, ರಕ್ತ ಆರಂಭಿಸಿ, ಅಲ್ಲಿನ ವೈದ್ಯರೊಂದಿಗೆ ಮಾತಾಡಿ ಕಳಿಸುವುದು ಮೇಲು. ರೆಫರಲ್ ಚೀಟಿಯಲ್ಲಿ ಗಂಟೆವಾರು ನಾಡಿ ಮತ್ತು ಒತ್ತಡ, ಕೊಟ್ಟ ದ್ರವ ಮತ್ತು ರಕ್ತದ ಲೆಕ್ಕ, ಕೊನೆಯ ಸಲ ರಕ್ತ ತೆಳುಮಾಡುವ ಮಾತ್ರೆ ನುಂಗಿದ ಹೊತ್ತು ಇರಲಿ.

ರಕ್ತ ನಿಂತ ಮೇಲೂ ಮೊದಲ 72 ಗಂಟೆ ಎಚ್ಚರ ತಪ್ಪಬಾರದು, ಮತ್ತೆ ಸ್ರಾವವಾಗುವುದು ಹೆಚ್ಚಾಗಿ ಆಗಲೇ. ಹುಣ್ಣು ಕಂಡವರೆಲ್ಲರಿಗೂ ಹುಣ್ಣು ಉಂಟುಮಾಡುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕು. ರಕ್ತ ಹೋಗುತ್ತಿರುವಾಗ ಮಾಡಿದ ಪರೀಕ್ಷೆ ಇಲ್ಲವೆಂದು ಬಂದರೆ ಕೆಲವು ವಾರಗಳ ಬಳಿಕ ಮತ್ತೆ ಮಾಡಿಸಿ. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಆಸ್ಪಿರಿನ್ನನ್ನು ಸಾಮಾನ್ಯವಾಗಿ ಮೂರರಿಂದ ಐದು ದಿನಗಳೊಳಗೆ ಮರಳಿ ಆರಂಭಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖನ್ನು ಬರೆಯದೆ ಬಿಟ್ಟರೆ ಆ ಮಾತ್ರೆ ಕಾಯಂ ಆಗಿ ನಿಂತುಹೋಗುತ್ತದೆ. ಅದೇ ಚೀಟಿಯ ಮೇಲೆ, ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ನೋವಿನ ಮಾತ್ರೆಗಳ ಹೆಸರನ್ನು ಕನ್ನಡದಲ್ಲಿ ಬರೆದು, ಇವು ಬೇಡ, ಬೇಕಿದ್ದರೆ ಪ್ಯಾರಸಿಟಮಾಲ್ ಎಂದು ಮನೆಯವರಿಗೆ ಓದಿ ಹೇಳಿ ಕೈಗೆ ಕೊಡಿ.