ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ, ಹೊತ್ತು ನೀವೇ ಲೆಕ್ಕ ಹಾಕಿ

ಶಿವಮೊಗ್ಗದಲ್ಲಿ ನನ್ನದು ಟಿಕೆಟ್ ಬುಕಿಂಗ್ ಅಂಗಡಿ. ಮಗಳ ಬಾಣಂತನಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೊರಟ ಅಮ್ಮಂದಿರೇ ಹೆಚ್ಚು ಬರೋದು. ನೇರ ವಿಮಾನದ ಟಿಕೆಟ್ ನೋಡಿದವರು ಕೇಳೋ ಪ್ರಶ್ನೆ ಒಂದೇ: "ಮಧ್ಯಾಹ್ನ ಎರಡಕ್ಕೆ ಹತ್ತಿ ಅದೇ ದಿನ ಸಂಜೆ ಐದೂವರೆಗೆ ಇಳಿಯೋದಾ? ಅಷ್ಟು ಹತ್ರನಾ?"

ಮೊದಲು ದೂರ. ಗೋಡೆಗೆ ಹಾಕೋ ನಕಾಶೆ ಬೇಡ, ಅದು ದಾರಿ ತಪ್ಪಿಸುತ್ತೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿನ ಮಧ್ಯೆ ದಾರ ಬಿಗಿಯಾಗಿ ಎಳೆಯಿರಿ. ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಹೋಗುತ್ತೆ. ಅದೇ ದಾರವನ್ನು ಭೂಮಧ್ಯರೇಖೆಗೆ ಹಿಡಿದರೆ 126 ಡಿಗ್ರಿ ಹತ್ತಿರ ಬರುತ್ತೆ. ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 14,000 ಕಿ.ಮೀ. ಆಯಿತು.

ವಿಮಾನ ಹಾರೋದು ಮಾತ್ರ ದಾರದ ಮೇಲಲ್ಲ. ಗಾಳಿ ನೋಡಿ, ಯಾರ ಆಕಾಶ ತೆರೆದಿದೆ ನೋಡಿ ದಾರಿ ಬದಲಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್ವಾಲ್. ವಿಮಾನ ಅಂದ್ರೆ ಹೆದರೋ ಅಮ್ಮಂದಿರಿಗೆ ಇದನ್ನ ತಪ್ಪದೇ ಹೇಳ್ತೀನಿ.

ಹೊತ್ತಿಗೆ ದೂರವನ್ನು 900ರಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ. ಹದಿನಾರು ಗಂಟೆ. ಎದುರುಗಾಳಿ ಇದ್ದರೆ ಇನ್ನೂ ಒಂದೆರಡು ಗಂಟೆ ಹೆಚ್ಚು.

ಈಗ ಆ ಐದೂವರೆ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತೆ. ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಬೇಸಿಗೆಯಲ್ಲಿ ಅಲ್ಲಿ ಸಂಜೆ ಐದೂವರೆ ಅಂದ್ರೆ ನಮ್ಮಲ್ಲಿ ಮಾರನೇ ದಿನ ಬೆಳಗ್ಗೆ ಆರು. ಎರಡರಿಂದ ಆರರವರೆಗೆ ಎಣಿಸಿ, ಹದಿನಾರೇ ಬರುತ್ತೆ.

ಎಡವಟ್ಟಾಗೋದು ವಾಪಸ್ ಬರುವಾಗ. ಚಳಿಗಾಲದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಅಲ್ಲಿ ಹತ್ತಿದರೆ ನಮ್ಮಲ್ಲಿ ಆಗಲೇ ಸೋಮವಾರ ಬೆಳಗ್ಗೆ ಹತ್ತೂವರೆ. ಎದುರುಗಾಳಿಯೂ ಸೇರಿ ಹದಿನೇಳೂವರೆ ಗಂಟೆ ಅಂತ ಕೂಡಿಸಿ: ಮಂಗಳವಾರ ನಸುಕಿನ ನಾಲ್ಕು. ಕಾರು ಬುಕ್ ಮಾಡೋವಾಗ ಡ್ರೈವರಿಗೆ "ಸೋಮವಾರ ರಾತ್ರಿ ಊಟ ಮುಗಿಸಿ ಹೊರಡಪ್ಪ" ಅನ್ನಿ. ಬರೀ "ಮಂಗಳವಾರ ನಾಲ್ಕಕ್ಕೆ" ಅಂದರೆ ಸಂಜೆ ನಾಲ್ಕು ಅಂದುಕೊಳ್ಳೋರೂ ಇದ್ದಾರೆ.

ನೇರ ವಿಮಾನ ಸಿಗದಿದ್ದರೆ ದುಬೈ ಮೇಲೆ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,500 ಚಿಲ್ಲರೆ. ಈ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ, ಒಂದು ಗಂಟೆ ಅಷ್ಟೇ. ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ನೋಡಿ. ಮಂಡಿನೋವು ಇರೋರಿಗೆ ನಾನು ಮೂರು ಗಂಟೆಗಿಂತ ಕಮ್ಮಿ ಇರೋ ಟಿಕೆಟ್ ಮಾಡಲ್ಲ. ಜೊತೆಗೆ ವೀಲ್‌ಚೇರ್ ಬುಕಿಂಗ್ ವೇಳೆಯೇ ಹಾಕಿಸ್ತೀನಿ.