ಹಲ್ಲಿಗೂ ವಾರ್ನಿಷ್: ಯಾರಿಗೆ, ಹೇಗೆ?

ಜಡಿಮಳೆ ಹಿಡಿದರೆ ಕೊಡಗಿನ ಮನೆಗಳಲ್ಲಿ ಬೆಲ್ಲದ ಕಾಪಿಗೆ ಲೆಕ್ಕ ಇಡುವವರಿಲ್ಲ. ಹಲ್ಲು ಮಾತ್ರ ಲೆಕ್ಕ ಇಡುತ್ತದೆ. ಸಿಹಿ ಎಷ್ಟು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಎನ್ನುವುದೇ ಅದಕ್ಕೆ ಜಾಸ್ತಿ ಮುಖ್ಯ. ಬಾಯಿಯ ಬ್ಯಾಕ್ಟೀರಿಯಾ ಸಿಹಿಯಿಂದ ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಹುಳುಕು ಅಂದರೆ ಇದೇ, ಹುಳ ಗಿಳ ಏನೂ ಇಲ್ಲ.

ಈ ಬ್ಯಾಕ್ಟೀರಿಯಾವನ್ನೇ ತಗ್ಗಿಸಲು ಹಲ್ಲಿಗೆ ಬಳಿಯುವ ತೆಳು ಲೇಪವೇ ಆಂಟಿಸೆಪ್ಟಿಕ್ ವಾರ್ನಿಷ್. ಒಂದು ಬಗೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮತ್ತು ಥೈಮಾಲ್ ಸಮಸಮ ಇರುತ್ತವೆ. ಓಮಕಾಳಿನ ಘಾಟು ಗೊತ್ತಲ್ವಾ? ಅದು ಈ ಥೈಮಾಲ್‌ನದ್ದೇ.

ಮೊದಲ ಹೆಜ್ಜೆ, ನಿಮಗೆ ಬೇಕೋ ಎಂದು ಕೇಳುವುದು. ಮಕ್ಕಳಿಗಾದರೆ ನನ್ನ ಮತ ಫ್ಲೋರೈಡ್ ವಾರ್ನಿಷ್‌ಗೆ. ಕ್ಲೋರ್‌ಹೆಕ್ಸಿಡಿನ್ ಮಕ್ಕಳಲ್ಲಿ ಹುಳುಕು ತಡೆಯುತ್ತದೆ ಎನ್ನಲು 2015ರ ಕಾಕ್ರೇನ್ ವಿಮರ್ಶೆಗೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಗಟ್ಟಿ ಪುರಾವೆ ಸಿಗಲಿಲ್ಲ. ಫ್ಲೋರೈಡ್ ವಾರ್ನಿಷ್ ಶಾಶ್ವತ ಹಲ್ಲಿನ ಹುಳುಕನ್ನು ಸರಾಸರಿ ಶೇ 43ರಷ್ಟು ಇಳಿಸುತ್ತದೆ ಎಂದು 2013ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿತ್ತು. ಆಂಟಿಸೆಪ್ಟಿಕ್ ಬಗೆ ಹೊಂದುವುದು ಹಿರಿಯರಿಗೆ. ವಸಡು ಇಳಿದು ಹಲ್ಲಿನ ಬೇರು ಹೊರಗೆ ಕಾಣುತ್ತಿದ್ದರೆ, ಮಾತ್ರೆಗಳಿಂದ ಬಾಯಿ ಒಣಗುತ್ತಿದ್ದರೆ, ಬೇರಿಗೆ ಹುಳುಕು ಬೇಗ ಹತ್ತುತ್ತದೆ. ಅಮೆರಿಕದ ದಂತವೈದ್ಯರ ಸಂಘದ ತಜ್ಞರು 2011ರಲ್ಲಿ ಈ ಲೇಪವನ್ನು ಸೂಚಿಸಿದ್ದು ಇಂಥವರಿಗೇ.

ಇದು ಮನೆಯಲ್ಲಿ ಬಳಿದುಕೊಳ್ಳುವಂಥದ್ದಲ್ಲ. ಮಡಿಕೇರಿಯೋ ಕುಶಾಲನಗರವೋ, ಹತ್ತಿರದ ದಂತವೈದ್ಯರಲ್ಲಿಗೆ ಹೋಗಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಕುರ್ಚಿಯಲ್ಲಿ ಕೂರುವ ಮುಂಚೆ ಅಲರ್ಜಿ ಇದ್ದರೆ ಹೇಳಿಬಿಡಿ. ಕ್ಲೋರ್‌ಹೆಕ್ಸಿಡಿನ್ ಅಪರೂಪಕ್ಕೆ ಕೆಲವರಿಗೆ ಜೋರಾಗಿಯೇ ಆಗಿಬರುವುದಿಲ್ಲ.

ಅಲ್ಲಿ ಮೊದಲು ಹಲ್ಲು ಕ್ಲೀನ್ ಮಾಡುತ್ತಾರೆ. ಕೆನ್ನೆಯೊಳಗೆ ಹತ್ತಿ ಇಟ್ಟು ಹಲ್ಲನ್ನು ಒಣಗಿಸುತ್ತಾರೆ. ಎಂಜಲು ತಾಗಿದರೆ ಲೇಪ ಸರಿಯಾಗಿ ಕೂರದು, ಹಾಗಾಗಿ ಮಾತಾಡಬೇಡಿ. ಪುಟ್ಟ ಬ್ರಷ್‌ನಿಂದ ಬೇರಿನ ಸುತ್ತ ತೆಳುವಾಗಿ ಸವರಿ ಗಾಳಿ ಬಿಡುತ್ತಾರೆ. ನೋವಿಲ್ಲ, ಸ್ವಲ್ಪ ಕಹಿ ಅಷ್ಟೇ.

ಆಮೇಲೆ ಒಂದು ಗಂಟೆಯಾದರೂ ಏನೂ ತಿನ್ನಬೇಡಿ, ಕುಡಿಯಬೇಡಿ. ಹೌದು, ಕಾಪಿಯೂ ಇಲ್ಲ. ಬ್ರಷ್ ಮರುದಿನ. ಅಲ್ಲಿಂದ ಫ್ಲೋರೈಡ್ ಪೇಸ್ಟ್‌ನಲ್ಲಿ ದಿನಕ್ಕೆ ಎರಡು ಸಲ ಉಜ್ಜುವುದು ಎಂದಿನಂತೆ. ಈಗಾಗಲೇ ತೂತು ಬಿದ್ದ ಹಲ್ಲಿಗೆ ವಾರ್ನಿಷ್ ಸಾಲದು, ಅದನ್ನು ತುಂಬಿಸಿಕೊಳ್ಳಿ.

ಮೂರು ತಿಂಗಳಿಗೆ ಮತ್ತೆ ಬಳಿಸಬೇಕು. ತಾರೀಕನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ. ಕಾಫಿ ಕೊಯ್ಲಿನ ನಡುವೆ ಬಂತೆಂದರೆ ಯಾರಿಗೂ ನೆನಪಾಗುವುದಿಲ್ಲ.