ಬ್ರೂಜ್‌ಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ: ನಮ್ಮ ಅನುಭವ

ಬೆಲ್ಜಿಯಂ ಪ್ರವಾಸದಲ್ಲಿ ಹೆಚ್ಚಿನವರು ಬ್ರೂಜ್‌ಗೆ ಬ್ರಸೆಲ್ಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದುಬಿಡುತ್ತಾರೆ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಅಷ್ಟೇ ಅಲ್ವಾ. ನಾವಿಬ್ಬರೂ ಅಲ್ಲೇ ರೂಮ್ ಮಾಡಿದೆವು. ಖರ್ಚು ಜಾಸ್ತಿ ಆಯ್ತು ನಿಜ, ಆದರೆ ಜನಜಂಗುಳಿ ಬರುವ ಮುಂಚೆ, ಅವರು ಹೋದ ಮೇಲೆ ಊರು ನೋಡೋಕೆ ಸಿಕ್ಕಿತು.

ಊರಿನ ಕಾಲುವೆಗಳಲ್ಲಿ ಸುತ್ತಿಸುವ ಬೋಟನ್ನು ಬೆಳಿಗ್ಗೆ ಶುರುವಾಗುವ ಹೊತ್ತಿಗೇ ಹತ್ತಿಬಿಡಿ. ಸುಮಾರು ಅರ್ಧ ಗಂಟೆಯ ಸುತ್ತು, ಮಧ್ಯಾಹ್ನವಾದರೆ ಕ್ಯೂನಲ್ಲೇ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾಗಬಹುದು. ಸೇತುವೆಗಳು ಎಷ್ಟು ತಗ್ಗು ಅಂದರೆ ಕೂತಲ್ಲೇ ತಲೆ ಬಗ್ಗಿಸಬೇಕು. ಪುರಾತನದ್ದು ಅಂದುಕೊಂಡು ಎಲ್ಲರೂ ಫೋಟೋ ತೆಗೆಯುವ ಬೊನಿಫಾಸಿಯಸ್ ಸೇತುವೆ ಮಾತ್ರ 20ನೇ ಶತಮಾನದ್ದು! ಮನೆಗಳು ಹಳೆಯವೇ. ಸಮುದ್ರಕ್ಕೆ ದಾರಿಯಾಗಿದ್ದ ಜ್ವಿನ್ ಕಾಲುವೆಯಲ್ಲಿ ಹೂಳು ತುಂಬಿ ವ್ಯಾಪಾರ ಆಂಟ್ವರ್ಪ್‌ಗೆ ಹೋಯಿತು, ಊರು ಬಡವಾಯಿತು, ಕೆಡವಿ ಹೊಸದು ಕಟ್ಟೋಕೆ ದುಡ್ಡಿರಲಿಲ್ಲ. ಇವತ್ತು ನಾವು ದುಡ್ಡು ಕೊಟ್ಟು ನೋಡುವುದು ಆ ಬಡತನ ಉಳಿಸಿದ್ದನ್ನೇ.

ಮಾರ್ಕ್ಟ್ ಚೌಕದ ಗಂಟೆ ಗೋಪುರ 83 ಮೀಟರ್ ಎತ್ತರ, 366 ಮೆಟ್ಟಿಲು. ಟಿಕೆಟ್‌ನಲ್ಲಿ ಸಮಯ ಹಾಕಿರುತ್ತದೆ, ಮೊದಲೇ ಬುಕ್ ಮಾಡಿ. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ, ಇಳಿಯುವವರು ಎದುರಾದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ನಮ್ಮನೆಯವರು ಅರ್ಧದಲ್ಲಿ "ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ" ಅಂದರು. ಬಿಡಲಿಲ್ಲ. ತುದಿಯ ನೋಟಕ್ಕಿಂತ ನನಗೆ ಹಿಡಿಸಿದ್ದು ಅದಕ್ಕೆ ಮುಂಚೆ ಸಿಗುವ ದೊಡ್ಡ ಲೋಹದ ಉರುಳೆ. ಮೈತುಂಬ ಗೂಟಗಳು. ಉರುಳೆ ತಿರುಗಿದಾಗ ಗೂಟ ಸನ್ನೆಗೋಲನ್ನು ಎತ್ತುತ್ತದೆ, ಸನ್ನೆಗೋಲು ತಂತಿ ಎಳೆಯುತ್ತದೆ, ಮೇಲೆ ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಒಟ್ಟು 47 ಗಂಟೆಗಳು. ಹದಿನೈದು ನಿಮಿಷಕ್ಕೊಮ್ಮೆ ನುಡಿಯುತ್ತವೆ, ಸ್ವಲ್ಪ ಕಾದಾದರೂ ನೋಡಿ.

ಅವರ್ ಲೇಡಿ ಚರ್ಚ್‌ನಲ್ಲಿ ಮೈಕೆಲೆಂಜೆಲೊ ಕೆತ್ತಿದ ತಾಯಿ-ಮಗು (ಮೇರಿ ಮತ್ತು ಯೇಸು) ಶಿಲ್ಪ ಇದೆ. 1944ರಲ್ಲಿ ಜರ್ಮನ್ನರು ಅದನ್ನು ಹಾಸಿಗೆಗಳಲ್ಲಿ ಸುತ್ತಿ ಹೊತ್ತೊಯ್ದಿದ್ದರು, ಆಮೇಲೆ ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಚಾಕೊಲೇಟ್ ಮ್ಯೂಸಿಯಂ ಬಿಟ್ಟೆವು, ಅಂಗಡಿಯಲ್ಲಿ ತಿಂದರೆ ಸಾಕು.

ಊಟದ ವಿಷಯ. ಸಸ್ಯಾಹಾರಿಗಳು ಫ್ರೈಸ್ ನೋಡಿ ಸುಮ್ನೆ ಬಾಯಿಗೆ ಹಾಕಬೇಡಿ. ಅಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದು ಹಳೇ ಪದ್ಧತಿ, ಎಷ್ಟೋ ಕಡೆ ಈಗಲೂ ಇದೆ. ಕೇಳಿದರೆ ಹೇಳುತ್ತಾರೆ. ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ. ಹೋಟೆಲಲ್ಲಿ ಕುಡಿಯುವ ನೀರಿಗೂ ಸಾಮಾನ್ಯವಾಗಿ ದುಡ್ಡು.

ಸಂಜೆ ಟೂರಿಸ್ಟ್ ಬಸ್ಸುಗಳು ಹೊರಟ ಮೇಲೆ ರೋಜೆನ್‌ಹುಡ್‌ಕಾಯಿ ಅನ್ನೋ ಜಾಗದ ಹತ್ತಿರ ಕಾಲುವೆ ಪಕ್ಕ ಆರಾಮಾಗಿ ಕೂತೆವು. ಹಗಲು ಅಲ್ಲಿ ಫೋಟೋಗೆ ಜಾಗಕ್ಕಾಗಿ ತಳ್ಳಾಟ ನಡೆಯುತ್ತಿತ್ತು.

ಹಾಂ, ದೊಡ್ಡ ಟ್ರಾಲಿ ಬ್ಯಾಗ್ ಬೇಡ. ಬೀದಿಯೆಲ್ಲ ಕಲ್ಲು ಹಾಸು, ಚಕ್ರ ಉಳಿಯಲ್ಲ. ಸ್ಟೇಷನ್ ಮುಂದಿನಿಂದಲೇ ಊರೊಳಗೆ ಬಸ್ ಇದೆ.